ಪಾತ್ರೆಯ ಮೇಲಿನ ಹೆಸರು

ನಮ್ಮಲ್ಲಿ ಯಾರ ಮನೆಯ ಅಟ್ಟ ಹತ್ತಿ ನೋಡಿದರೂ ಬೇರೆಯವರ ಹೆಸರಿರುವ ಪಾತ್ರೆಯೊಂದು ಸಿಕ್ಕೇ ಸಿಗುತ್ತದೆ. ಮದುವೆಯಲ್ಲಿ ಮುಯ್ಯಿ ಮಾಡಿದವರ ಹೆಸರು, ಹೊಸಮನೆಯ ಪ್ರಾರ್ಥನೆಗೆ ಬಂದ ಸೋದರಮಾವನ ಹೆಸರು, ತವರಿನಿಂದ ಬಂದ ಬಿಂದಿಗೆಯ ಕತ್ತಿನ ಮೇಲೆ ಅಜ್ಜಿಯ ಹೆಸರು. ಹಿಂದೆ ಸಣ್ಣ ಉಳಿ, ಸುತ್ತಿಗೆ ಹಿಡಿದು ಚುಕ್ಕೆ ಚುಕ್ಕೆಯಾಗಿ ಹೊಡೆದು ಅಕ್ಷರ ಮೂಡಿಸುತ್ತಿದ್ದರು. ಆಮೇಲೆ ಪಾತ್ರೆಯಂಗಡಿಗೆ ಕರೆಂಟಿನ ಪೆನ್ನು ಬಂತು. ಹೊಸೂರು ಸೀಮೆಯ ಪಾತ್ರೆಗಳಲ್ಲಿ ಇನ್ನೊಂದು ವಿಶೇಷವಿದೆ. ಒಂದೇ ಮನೆಯ ಒಂದೇ ಸಾಲಿನಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಲಿಪಿಯ ಹೆಸರುಗಳು ಅಕ್ಕಪಕ್ಕ ಕೂತಿರುತ್ತವೆ. ನಾವು ಹೆಣ್ಣು ಕೊಟ್ಟು ತಂದ ದಿಕ್ಕುಗಳೆಲ್ಲ ಅಲ್ಲಿ ಬರೆದಿರುತ್ತವೆ.

ನಮಗಿಂತ ಚಿಕ್ಕವರಿಗೆ ಇವನ್ನು ಓದುವುದು ಸುಲಭವಲ್ಲ. ತಮಿಳುನಾಡಿನಲ್ಲಿ 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಒಂದನೆಯ ತರಗತಿಯಿಂದ ಮೊದಲ್ಗೊಂಡು ವರ್ಷಕ್ಕೊಂದು ತರಗತಿಯಂತೆ ತಮಿಳು ಕಡ್ಡಾಯವಾಗುತ್ತ ಬಂತು. ಮನೆಯಲ್ಲಿ ಕನ್ನಡ ಮಾತಾಡುವ, ಭಾನುವಾರದ ಪೂಜೆಯಲ್ಲಿ ಕನ್ನಡದಲ್ಲೇ ಹಾಡುವ ಮಕ್ಕಳು ಬಿಂದಿಗೆಯ ಮೇಲಿನ ಅಜ್ಜಿಯ ಹೆಸರನ್ನು ಬೆರಳಿಟ್ಟು ಕೂಡಿಸಿ ಓದುತ್ತಾರೆ. ಓದಲಾಗದಿದ್ದರೆ ಅಜ್ಜಿಯನ್ನೇ ಕೇಳುತ್ತಾರೆ. ಅಜ್ಜಿ ಇರುವವರೆಗೆ ಅದೇನೂ ತೊಂದರೆಯಲ್ಲ.

ಈ ಜುಬಿಲಿ ವರ್ಷದಲ್ಲಿ ಏನಾದರೂ ಮಾಡೋಣ ಎಂದು ಯುವಕೂಟದಲ್ಲಿ ಮಾತು ಬಂದಾಗ ನಾವು ಆರಿಸಿಕೊಂಡದ್ದು ಇದನ್ನೇ. ಪ್ರತಿ ಮನೆಯಿಂದ ಒಂದು ಹಳೆಯ ವಸ್ತು, ಅದರ ಜೊತೆಗೆ ಒಂದು ಚೀಟಿ. ಚೀಟಿಯ ಒಂದು ಬದಿಯಲ್ಲಿ ಆ ವಸ್ತುವಿನ ಕಥೆ ಕನ್ನಡದಲ್ಲಿ, ಇನ್ನೊಂದು ಬದಿಯಲ್ಲಿ ತಮಿಳಿನಲ್ಲಿ. ಧರ್ಮಕೇಂದ್ರದ ಹಬ್ಬದ ದಿನ ಸಭಾಂಗಣದಲ್ಲಿ ಮೇಜು ಹಾಕಿ ಎಲ್ಲವನ್ನೂ ಇಡುವುದು. ಇಷ್ಟೇ ಯೋಜನೆ.

ವಸ್ತುಗಳು ಬಂದವು, ಬೇಡವೆನ್ನುವಷ್ಟು ಬಂದವು. ಒಂದು ಮನೆಯಿಂದ ಚೌಕಾಕಾರದ ತಗಡಿನ ಡಬ್ಬ. ಬಣ್ಣ ಕಿತ್ತುಹೋಗಿದ್ದರೂ ಕೈಕುಲುಕುವ ಎರಡು ಕೈಗಳ ಗುರುತು ಇನ್ನೂ ಕಾಣುತ್ತದೆ. ಅಮೆರಿಕದಲ್ಲಿ 1954ರಲ್ಲಿ ಪಿ.ಎಲ್. 480 ಎಂಬ ಕಾನೂನು ಆದ ಮೇಲೆ ಅಲ್ಲಿಂದ ಗೋಧಿ, ಹಾಲಿನ ಪುಡಿ, ಅಡುಗೆ ಎಣ್ಣೆ ನಮ್ಮ ದೇಶಕ್ಕೆ ಬರುತ್ತಿತ್ತು; ಕ್ಯಾಥೊಲಿಕ್ ರಿಲೀಫ್ ಸರ್ವಿಸಸ್ ಮೂಲಕ ಚರ್ಚುಗಳಲ್ಲೂ ಹಂಚುತ್ತಿದ್ದರು. ಎಣ್ಣೆ ಮುಗಿಯಿತು, ಡಬ್ಬ ಉಳಿಯಿತು. ಆ ಮನೆಯವರು ಅದರಲ್ಲಿ ಇವತ್ತಿಗೂ ಹುರುಳಿ ತುಂಬಿಡುತ್ತಾರೆ. ಇನ್ನೊಬ್ಬರಿಂದ ಎಚ್.ಎಂ.ಟಿ. ಜನತಾ ಕೈಗಡಿಯಾರ. ಬೆಂಗಳೂರಿನಲ್ಲಿ ಎಚ್.ಎಂ.ಟಿ.ಯವರು ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಕೈಗಡಿಯಾರ ಮಾಡಲು ತೊಡಗಿದ್ದರು, ಆ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿತು. ಕೀ ಕೊಟ್ಟರೆ ಈ ಗಡಿಯಾರ ಈಗಲೂ ಓಡುತ್ತದೆ. ತಂದುಕೊಟ್ಟ ಹುಡುಗ ನಮ್ಮೂರಿನ ಟೈಟನ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ತಾತನ ಗಡಿಯಾರವನ್ನು ಕೈಯಲ್ಲಿ ಹಿಡಿದದ್ದು ಇದೇ ಮೊದಲಂತೆ.

ರಾಗಿಕಲ್ಲುಗಳನ್ನು ಹೊತ್ತು ತರಲಾಗಲಿಲ್ಲ, ಫೋಟೋ ತೆಗೆದುಕೊಂಡೆವು. ಮಿಲ್ಲು ಬಂದ ಮೇಲೆ ರಾಗಿಕಲ್ಲು ಸುಮ್ಮನಾಯಿತು, 2011ರ ಸರ್ಕಾರದ ಉಚಿತ ಮಿಕ್ಸಿ, ಗ್ರೈಂಡರು ಬಂದ ಮೇಲೆ ಒರಳೂ ಮೂಲೆ ಸೇರಿತು. ಒಬ್ಬ ತಾತ ತಂದ ಸೇರಿನ ತಳ ಒಳಕ್ಕೆ ಉಬ್ಬಿಕೊಂಡಿತ್ತು. ಬಿದ್ದು ಹೀಗಾಯಿತಾ ತಾತ ಎಂದು ಕೇಳಿದರೆ, "ಬಿದ್ದಿದ್ದಲ್ಲ ಮಗಾ, ಇದು ಕೊಡುವಾಗಿನ ಸೇರು. ತಗೊಳ್ಳುವಾಗಿನದು ಬೇರೆ ಇತ್ತು" ಎಂದು ಬಾಯ್ತುಂಬ ನಕ್ಕರು. ನಾವೂ ನಕ್ಕೆವು. ಎರಡು ಬಗೆಯ ಅಳತೆ ದೇವರಿಗೆ ಅಸಹ್ಯ ಎಂದು ಜ್ಞಾನೋಕ್ತಿಗಳ ಗ್ರಂಥದಲ್ಲಿ ಇದೆ, ಆದರೂ ನಗು ಬಂತು. ತಾತ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಕ್ಕೆ ಇರಬೇಕು. ಉಳಿದ ಚೀಟಿಗಳಲ್ಲಿ ಅಂಥ ಮಾತು ಇರಲಿಲ್ಲ. ಎಲ್ಲ ವಸ್ತುಗಳೂ ಪ್ರೀತಿಯಿಂದ ಕೊಟ್ಟವು, ಕಷ್ಟಪಟ್ಟು ಕೊಂಡವು, ಇಲ್ಲವೇ ಯಾರೋ ಫಾದರ್ ಉಡುಗೊರೆಯಾಗಿ ಕೊಟ್ಟವು.

ಒಂದು ಹಿತ್ತಾಳೆ ತಪ್ಪಲೆಯ ಚೀಟಿಯಲ್ಲೂ ಹೀಗೆಯೇ ಇತ್ತು: ತಾತ ಸಂತೆಯಲ್ಲಿ ಕೊಂಡದ್ದು ಎಂದು. ಹತ್ತು ಹದಿನೈದು ಜನಕ್ಕೆ ಅನ್ನ ಮಾಡುವಷ್ಟು ದೊಡ್ಡದು. ಒಳಗಿನ ಕಲಾಯಿ ಪೂರ್ತಿ ಹೋಗಿತ್ತು. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ಹುಳಿ ತಾಗಿದರೆ ತಾಮ್ರ ಕರಗಿ ಅಡುಗೆಗೆ ಇಳಿಯುತ್ತದೆ, ಹಸಿರು ಕಿಲುಬು ಕಟ್ಟುತ್ತದೆ. ಅದಕ್ಕೇ ಒಳಗೆ ತವರದ ಲೇಪ. ಕಲಾಯಿಯವನು ತಿದಿ ಒತ್ತಿ ಪಾತ್ರೆಯನ್ನು ಕಾಯಿಸಿ, ನವಸಾಗರ ಎರಚಿ, ಬಿಳಿ ಹೊಗೆ ಏಳುವಾಗ ತವರದ ಕಡ್ಡಿ ಮುಟ್ಟಿಸಿ ಹತ್ತಿಯಿಂದ ಬಳಿದುಬಿಡುತ್ತಿದ್ದ. ತವರ 232 ಡಿಗ್ರಿಗೆಲ್ಲ ಕರಗುತ್ತದೆ. ಬಿ.ಎಸ್ಸಿ.ಯಲ್ಲಿ ನವಸಾಗರಕ್ಕೆ ಅಮೋನಿಯಂ ಕ್ಲೋರೈಡ್ ಎಂದು ಓದಿದ್ದೆವು. ಅದು ಲೋಹದ ಮೇಲಿನ ತುಕ್ಕನ್ನು ತೆಗೆದು ತವರ ಹಿಡಿಯುವಂತೆ ಮಾಡುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆವು. ಕಲಾಯಿ ಹಾಕುವುದನ್ನು ಮಾತ್ರ ನೋಡಿರಲಿಲ್ಲ.

ಹಬ್ಬಕ್ಕೆ ಮುಂಚೆ ಪಾತ್ರೆಗಳನ್ನು ಹುಣಸೆಹಣ್ಣು ಹಾಕಿ ಬೆಳಗಲು ಮಾತೆಯರ ಸಂಘದವರು ಬಂದಿದ್ದರು. ಅವರಲ್ಲಿ ಎಪ್ಪತ್ತರ ಹತ್ತಿರದ ಒಬ್ಬ ಅಜ್ಜಿ ಈ ತಪ್ಪಲೆಯನ್ನು ಕವುಚಿಹಾಕಿ, ತಳದಲ್ಲಿದ್ದ ಒಂದು ತೇಪೆಯ ಮೇಲೆ ಕೈಯಾಡಿಸುತ್ತಾ ಸುಮ್ಮನೆ ಕುಳಿತರು. ಅವರಿಗೆ ಓದು ಬರುವುದಿಲ್ಲ. "ಇದರ ಕಂಠದಾಗೆ ಏನು ಬರೆದೈತೆ ನೋಡಪ್ಪಾ" ಎಂದರು. ಚುಕ್ಕೆಯಲ್ಲಿ ಹೊಡೆದ ಕನ್ನಡ ಅಕ್ಷರಗಳನ್ನು ನಾವು ಓದಿ ಹೇಳಿದೆವು. ಅದು ಅವರ ತಾಯಿಯ ಹೆಸರು. "ಸಂತೇಲಿ ಕೊಂಡಿದ್ದಲ್ಲ ಕಣಪ್ಪಾ. ನಮ್ಮವ್ವ ಅಡವಿಟ್ಟಿದ್ದು" ಎಂದರು. ದನಿ ಏರಿಸಲಿಲ್ಲ.

ಎರಡೂ ಮನೆಯವರು ನಮ್ಮ ಧರ್ಮಕೇಂದ್ರದವರೇ. ಹೆಸರು ಹಾಕದೆ ಬರೆಯಿರಿ ಎಂದು ಇಬ್ಬರೂ ಒಪ್ಪಿದ್ದರಿಂದ ಇಷ್ಟನ್ನು ಬರೆಯುತ್ತಿದ್ದೇವೆ. 1966ರ ಸುಮಾರಿಗೆ ಮಳೆ ಕೈಕೊಟ್ಟಿತ್ತು. ಅಜ್ಜಿ ಆಗ ಹತ್ತು ವರ್ಷದ ಹುಡುಗಿ. ಮನೆಯಲ್ಲಿ ಬೆಲೆಬಾಳುವುದೆಂದರೆ ಆ ತಪ್ಪಲೆಯೊಂದೇ, ಅವರ ತಾಯಿಗೆ ತವರಿನಿಂದ ಬಂದದ್ದು. ಅದನ್ನು ಕೊಟ್ಟು 10 ಕೊಳಗ ರಾಗಿ ತಂದರು. ಸುಗ್ಗಿಗೆ 15 ಕೊಳಗ ಅಳೆದು ಬಿಡಿಸಿಕೊಳ್ಳುವ ಮಾತು. ಮುಂದಿನ ಬೆಳೆಯೂ ಅಷ್ಟಕ್ಕಷ್ಟೇ. ಆಮೇಲೆ ತಾಯಿ ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದರು. ತಪ್ಪಲೆ ಉಳಿಯಿತು.

ರಾಗಿ ಕೊಟ್ಟವರನ್ನು ಕೆಟ್ಟವರು ಎನ್ನಲು ನಮಗೆ ಆಗುವುದಿಲ್ಲ. ಅವರೂ ಮುದ್ದೆ ಉಂಡು ಬದುಕಿದವರೇ, ಜಮೀನು ಸ್ವಲ್ಪ ಹೆಚ್ಚು ಇತ್ತು ಅಷ್ಟೇ. ಯಾವ ಬ್ಯಾಂಕೂ ಒಳಗೆ ಬಿಟ್ಟುಕೊಳ್ಳದ ಹೆಂಗಸಿಗೆ ಅವರು ಕಾಳು ಅಳೆದರು. ಇನ್ನೂ ಎರಡು ಸಂಗತಿಗಳನ್ನು ಅಜ್ಜಿಯೇ ಹೇಳಿದರು. ಆ ತಾತ ಮನೆಯೊಳಗೆ ಬಂದು ಪಾತ್ರೆ ಎತ್ತಿಕೊಂಡು ಹೋಗಲಿಲ್ಲ, ಬಾಗಿಲ ಹೊರಗೇ ನಿಂತರು, ತಾಯಿಯೇ ಒಳಗಿನಿಂದ ತಂದು ಕೊಟ್ಟರು. ರಾಗಿಕಲ್ಲನ್ನು ಅವರು ಕೇಳಲೇ ಇಲ್ಲ. ಧರ್ಮೋಪದೇಶಕಾಂಡದ 24ನೇ ಅಧ್ಯಾಯವನ್ನು ಈಗ ತೆರೆದು ನೋಡಿ. ಬೀಸುವ ಕಲ್ಲನ್ನು ಒತ್ತೆ ತೆಗೆದುಕೊಳ್ಳಬಾರದು, ಅದು ಜೀವವನ್ನೇ ಒತ್ತೆ ತೆಗೆದುಕೊಂಡಂತೆ ಎಂಬ ವಿಧಿ ಅಲ್ಲಿದೆ. ಸಾಲ ಕೊಟ್ಟವನು ಒತ್ತೆಗಾಗಿ ಮನೆಯೊಳಕ್ಕೆ ನುಗ್ಗದೆ ಹೊರಗೆ ನಿಲ್ಲಬೇಕು ಎಂಬುದೂ ಅದೇ ಅಧ್ಯಾಯದಲ್ಲಿದೆ. ಆ ತಾತನಿಗೆ ಇದು ಗೊತ್ತಿತ್ತೋ ಇಲ್ಲವೋ, ಹಾಗೇ ನಡೆದುಕೊಂಡಿದ್ದಾರೆ. ಅದಕ್ಕಿಂತ ದೊಡ್ಡದು, ಅವರು ಆ ತಪ್ಪಲೆಯನ್ನು ಮಾರಲಿಲ್ಲ. ಕೊನೆಯವರೆಗೂ ಅಟ್ಟದ ಮೇಲೆ ಇಟ್ಟಿದ್ದರು.

ಹಾಗಾದರೆ ತಪ್ಪಲೆ ಈಗ ಯಾರದು?

ಯುವಕೂಟದಲ್ಲಿ ಇದರ ಬಗ್ಗೆ ಎರಡು ಭಾನುವಾರ ಮಾತಾಯಿತು, ಒಂದು ಭಾನುವಾರ ಜಗಳವೇ ಆಯಿತು. ಕಾನೂನು ಓದುತ್ತಿರುವ ತಂಗಿಯೊಬ್ಬಳು 1872ರ ಕರಾರು ಕಾಯ್ದೆ ತಂದಳು. ಒತ್ತೆ ಇಟ್ಟುಕೊಂಡವನು ಸಾಲ ತೀರದಿದ್ದರೆ ದಾವೆ ಹೂಡಬಹುದು, ಇಲ್ಲವೇ ನೋಟೀಸು ಕೊಟ್ಟು ಮಾರಬಹುದು. ಮಾರಾಟ ಆಗುವವರೆಗೂ ಸಾಲ ತೀರಿಸಿ ಬಿಡಿಸಿಕೊಳ್ಳುವ ಹಕ್ಕು ಇಟ್ಟವನಿಗೆ ಇರುತ್ತದೆ. ಗಡುವು ಮುಗಿಯಿತು ಎಂದ ಮಾತ್ರಕ್ಕೆ ವಸ್ತು ತಾನಾಗಿ ಅವನದಾಗುವುದಿಲ್ಲ. ಹಾಗೆಂದು ಅರವತ್ತು ವರ್ಷದ ಹಿಂದಿನದಕ್ಕೆ ಕೋರ್ಟಿಗೆ ಹೋಗುವವರು ಯಾರೂ ಇಲ್ಲ ಎಂದೂ ಅವಳೇ ಹೇಳಿದಳು. ಕಥೋಲಿಕ ಧರ್ಮಸಭೆಯ ಶ್ರೀಸಾಮಾನ್ಯ ಧರ್ಮೋಪದೇಶ ಗ್ರಂಥದ 2412ನೇ ಅಂಕಣದಲ್ಲಿ, ಅನ್ಯಾಯವಾಗಿ ಬಂದದ್ದನ್ನು ಅದರ ಒಡೆಯನಿಗೆ ಹಿಂದಿರುಗಿಸುವುದು ನ್ಯಾಯದ ಭಾಗ ಎಂದು ಹೇಳಿ ಜಕ್ಕಾಯನನ್ನು ನೆನೆಸಿದ್ದಾರೆ. ಆದರೆ ಇದು ಕದ್ದದ್ದಲ್ಲವಲ್ಲ. ಜಕ್ಕಾಯ ತಾನು ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಎಂದ. ಇಲ್ಲಿ ಮೋಸ ಯಾರದು?

ಹಳೆಯದನ್ನು ಕೆದಕಬೇಡಿ ಎನ್ನುವವರು ನಮ್ಮಲ್ಲೇ ಅರ್ಧ ಜನ ಇದ್ದರು. ಅವರ ಮಾತು ಹಗುರವಾದದ್ದಲ್ಲ. ಸತ್ತವರು ಎದ್ದು ಬಂದು ತಮ್ಮ ಪರ ಹೇಳಲಾರರು. ಹಬ್ಬದ ದಿನ ಬೀಗರು ಬರುತ್ತಾರೆ, ಊರು ಬರುತ್ತದೆ. "ಅಡವಿನ ಪಾತ್ರೆ" ಎಂದು ಎರಡು ಭಾಷೆಯಲ್ಲಿ ಬರೆದಿಟ್ಟರೆ ಆ ಮನೆಯವರು ತಲೆ ಎತ್ತಿ ಓಡಾಡುವುದು ಹೇಗೆ? ತಂದೆತಾಯಿಯನ್ನು ಗೌರವಿಸು ಎಂಬುದೂ ಕಟ್ಟಳೆಯೇ. ಮಗ ತಂದೆಯ ಪಾಪವನ್ನು ಹೊರುವುದಿಲ್ಲ ಎಂದು ಯೆಜೆಕಿಯೇಲನ 18ನೇ ಅಧ್ಯಾಯವೇ ಹೇಳುತ್ತದೆ.

ಪಾಪ ಪಿತ್ರಾರ್ಜಿತವಾಗಿ ಬರುವುದಿಲ್ಲ, ನಿಜ. ತಪ್ಪಲೆ ಬರುತ್ತದೆ. ನಮ್ಮ ಯೋಚನೆ ಇಲ್ಲಿಗೆ ಬಂದು ನಿಂತಿತು. ಈ ಪಾತ್ರೆಯನ್ನು ಯಾರೂ ಕಸಿದುಕೊಂಡಿಲ್ಲ, ಯಾರೂ ಮಾರಿಲ್ಲ, ಯಾರೂ ಕೊಂಡಿಲ್ಲ. ಆದರೂ ಅದು ಒಂದು ಮನೆಯದು ಹೋಗಿ ಇನ್ನೊಂದು ಮನೆಯದಾಯಿತು. ಯಾವಾಗ ಆಯಿತು? ಅಡವು ಎಂಬ ಮಾತು ಬಿಟ್ಟುಹೋಗಿ ಸಂತೆ ಎಂಬ ಮಾತು ಸೇರಿಕೊಂಡ ದಿನ. ತಾತ ಬದುಕಿರುವವರೆಗೆ ಅದು ಅವರ ಮನಸ್ಸಿನಲ್ಲಿ ಒತ್ತೆಯೇ ಆಗಿತ್ತು ಎಂದು ನಮಗೆ ಅನಿಸುತ್ತದೆ, ಇಲ್ಲದಿದ್ದರೆ ಕಷ್ಟ ಬಂದಾಗ ಮಾರದೆ ಇರುತ್ತಿರಲಿಲ್ಲ. ಮೊಮ್ಮಗ ಯಾರಿಗೂ ಸುಳ್ಳು ಹೇಳಿದವರಲ್ಲ. ಮನೆಯಲ್ಲಿ ಹಳೆಯ ಪಾತ್ರೆ ಇದೆ, ತಾತ ಸಂತೆಗೆ ಹೋಗುತ್ತಿದ್ದರು, ಅಂದ ಮೇಲೆ ಕೊಂಡಿರಬೇಕು. ಕಥೆಗಳು ಹೀಗೇ ಕೂಡಿಕೊಳ್ಳುತ್ತವೆ. ಕಂಠದ ಮೇಲೆ ಹೆಸರು ಇದ್ದೇ ಇತ್ತು, ಓದುವವರಿರಲಿಲ್ಲ. ಒಂದು ವಸ್ತು ಹೀಗೆ ದುಡ್ಡಿಲ್ಲದೆ, ಪತ್ರವಿಲ್ಲದೆ, ಮರೆವಿನಿಂದಲೇ ಕೈ ಬದಲಾಯಿಸುತ್ತದೆ ಎಂದಾದರೆ, ಅದರ ಕಥೆ ಬರೆಯುವವನು ಬರೀ ಕಥೆ ಬರೆಯುತ್ತಿಲ್ಲ, ಆಸ್ತಿಯ ಲೆಕ್ಕ ಬರೆಯುತ್ತಿದ್ದಾನೆ.

ಆದ್ದರಿಂದ ತಪ್ಪಲೆ ಯಾರ ಮನೆಯಲ್ಲಿರಬೇಕು ಎಂಬುದನ್ನು ನಾವು ತೀರ್ಮಾನ ಮಾಡುವುದಿಲ್ಲ, ಅದು ಆ ಎರಡು ಮನೆಗಳಿಗೆ ಬಿಟ್ಟದ್ದು ಎಂದೆವು. ಚೀಟಿ ಮಾತ್ರ ಬದಲಾಗಬೇಕು ಎಂದೆವು. ಏಳನೆಯ ಕಟ್ಟಳೆ ಅವರವರ ಮನೆಯ ವಿಚಾರ ಇರಬಹುದು, ಎಂಟನೆಯದು ನಮ್ಮದೇ. ಗೊತ್ತಾದ ಮೇಲೂ ನಮ್ಮ ಕೈಬರಹದಲ್ಲಿ "ಸಂತೆಯಲ್ಲಿ ಕೊಂಡದ್ದು" ಎಂದು ಬರೆದು ದೇವಾಲಯದ ಸಭಾಂಗಣದಲ್ಲಿ ಇಟ್ಟರೆ, ಅಜ್ಜಿಯ ತಾಯಿಯಿಂದ ಆ ಪಾತ್ರೆಯನ್ನು ಪೂರ್ತಿಯಾಗಿ ತೆಗೆದುಕೊಂಡವರು ನಾವೇ ಆಗುತ್ತೇವೆ.

ಅಡವು ಎಂಬುದು ಆ ಕಾಲದ ಮಾತು ಎಂದುಕೊಳ್ಳುವ ಹಾಗೂ ಇಲ್ಲ. ಪಾತ್ರೆ ಬೆಳಗಲು ಬಂದವರಲ್ಲೇ ಕುತ್ತಿಗೆಯಲ್ಲಿ ಬರೀ ದಾರ ಇದ್ದವರಿದ್ದರು. ಶಾಲೆಯ ಫೀಸು ಕಟ್ಟುವ ಜೂನ್ ತಿಂಗಳಿಗೆ ಸರ ಅಡವಿಗೆ ಹೋಗುತ್ತದೆ, ಕ್ರಿಸ್ಮಸ್ಸಿಗೆ ಬರುತ್ತದೆ, ಕೆಲವು ಸಲ ಬರುವುದೇ ಇಲ್ಲ. ಚಿನ್ನದ ಸಾಲ ಕೊಡುವ ಕಂಪನಿಗಳು ಹರಾಜಿನ ಜಾಹೀರಾತನ್ನು ಪತ್ರಿಕೆಯಲ್ಲಿ ಹಾಕುತ್ತವೆ, ನೋಡಿರುತ್ತೀರಿ. ಸಣ್ಣ ಅಕ್ಷರದಲ್ಲಿ ಸಾಲು ಸಾಲು ಸಾಲದ ನಂಬರುಗಳು. ಹೆಸರು ಹಾಕದಿರುವುದು ಮಾನ ಕಾಯುವುದಕ್ಕೂ ಆಯಿತು, ಒಪ್ಪೋಣ. ಆದರೆ ಹರಾಜಾದ ಸರ ಕರಗಿ ಬೇರೆ ಸರವಾಗುತ್ತದೆ, ಅದನ್ನು ಕೊಂಡವರಿಗೆ ಯಾವ ಅಜ್ಜಿಯೂ ಬಂದು ತೇಪೆಯ ಮೇಲೆ ಕೈಯಾಡಿಸುವುದಿಲ್ಲ. ನಮ್ಮ ಯುವಕೂಟದ ಮದುವೆಗಳಲ್ಲಿ ಹಾಕಿಕೊಳ್ಳುವ ಚಿನ್ನದ ಕಥೆ ನಮಗೆ ಗೊತ್ತಿಲ್ಲ. ಹಿತ್ತಾಳೆಯದಾದರೆ ಕಡೇಪಕ್ಷ ಕೇಳಬಹುದು.

ಜಗದ್ಗುರು ಫ್ರಾನ್ಸಿಸ್‌ನವರು 2024ರ ಮೇ ತಿಂಗಳಲ್ಲಿ ಜುಬಿಲಿಯನ್ನು ಸಾರಿದ ಪತ್ರದಲ್ಲಿ, ತೀರಿಸಲಾರದ ಬಡ ದೇಶಗಳ ಸಾಲವನ್ನು ಶ್ರೀಮಂತ ದೇಶಗಳು ಬಿಟ್ಟುಬಿಡಬೇಕೆಂದು ಕೇಳಿದ್ದರು. ಓದಿದಾಗ ಇದು ದೂರದ ದೇಶಗಳ ಮಾತು ಎನಿಸಿತ್ತು. ಯಾಜಕಕಾಂಡದ 25ನೇ ಅಧ್ಯಾಯದಲ್ಲಿ ಜುಬಿಲಿ ಎಂದರೆ ಮೊದಲಿಗೆ ಪ್ರತಿಯೊಬ್ಬನೂ ತನ್ನ ಸೊತ್ತಿಗೆ, ತನ್ನ ಮನೆಯವರ ಬಳಿಗೆ ಹಿಂದಿರುಗುವುದು. ಐವತ್ತನೆಯ ವರ್ಷಕ್ಕೆ. ಈ ತಪ್ಪಲೆಗೆ ಅರವತ್ತು ಆಗುತ್ತ ಬಂತು.

ಚೀಟಿಯ ವಿಷಯವನ್ನು ಆ ಮನೆಯ ಅಣ್ಣನಿಗೆ ಹೇಳಿದಾಗ ಒಂದು ವಾರ ಅವರು ನಮ್ಮೊಡನೆ ಮಾತಾಡಲಿಲ್ಲ. ಪೂಜೆ ಮುಗಿದ ಮೇಲೆ ಸೈಕಲ್ ಸ್ಟ್ಯಾಂಡಿನ ಕಡೆಯಿಂದಲೇ ಹೊರಟುಬಿಡುತ್ತಿದ್ದರು. ಮುಂದಿನ ಭಾನುವಾರ ತಾವೇ ಬರೆದ ಚೀಟಿ ತಂದರು, ತಮಿಳಿನ ಬದಿಯನ್ನೂ ಅವರೇ ಬರೆದಿದ್ದರು. ಬರದ ವರ್ಷ, ರಾಗಿಯ ಅಳತೆ, ಅಜ್ಜಿಯ ತಾಯಿಯ ಹೆಸರು, ತಮ್ಮ ತಾತನ ಹೆಸರು ಎಲ್ಲ ಇದೆ. ನಾವು ಒಂದು ಅಕ್ಷರವನ್ನೂ ತಿದ್ದಲಿಲ್ಲ. ಪಾತ್ರೆಯನ್ನು ಅಜ್ಜಿಯ ಮನೆಗೆ ಕೊಟ್ಟುಬಿಡುತ್ತೇನೆ ಎಂದೂ ಹೇಳಿದರು.

ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಅಜ್ಜಿ ಬೇಡ ಎಂದರು. ಬೇಡ ಎಂದದ್ದು ಪಾತ್ರೆಯನ್ನಲ್ಲ, ಪುಕ್ಕಟೆಯಾಗಿ ತೆಗೆದುಕೊಳ್ಳುವುದನ್ನು. "ನಮ್ಮವ್ವ ದಾನಕ್ಕೆ ಇಟ್ಟಿರಲಿಲ್ಲ, ಅಡವಿಗೆ ಇಟ್ಟಿದ್ದು. ಬಿಡಿಸಿಕೊಂಡು ತಗೊಂಡು ಹೋಗ್ತೀನಿ" ಎನ್ನುತ್ತಾರೆ. 15 ಕೊಳಗಕ್ಕೆ ಇಷ್ಟು ವರ್ಷದ ಬಡ್ಡಿ ಎಷ್ಟಾಗುತ್ತದೆ ಲೆಕ್ಕ ಹಾಕಿ ಹೇಳು ಎಂದು ನಮ್ಮನ್ನೇ ಕೇಳಿದರು. ಬಿ.ಎಸ್ಸಿ. ಓದಿದ್ದು ಮೊದಲ ಸಲ ಬೇಡವೆನಿಸಿತು. ಚಕ್ರಬಡ್ಡಿ ಹಾಕಿದರೆ ಹೊಸೂರಿನ ರಾಗಿಯೆಲ್ಲ ಸಾಲದು. ಕೊನೆಗೆ ಮೊದಲು ಆಡಿದ 15 ಕೊಳಗಕ್ಕೇ ನಿಂತರು. ಅಣ್ಣ ಒಂದು ಕಾಳನ್ನೂ ಮುಟ್ಟುವುದಿಲ್ಲ ಎನ್ನುತ್ತಾರೆ, ಅವರ ತಾತನ ಮಾತಿಗೆ ತಾವು ಬಡ್ಡಿ ತಿನ್ನುವವರಲ್ಲವಂತೆ. ನಮಗೆ ಅಜ್ಜಿಯ ಕಡೆಯೇ ನ್ಯಾಯ ಕಾಣುತ್ತದೆ. ಉಡುಗೊರೆಯಾಗಿ ಪಡೆದರೆ ಪಾತ್ರೆ ಬರುತ್ತದೆ, ಅವರ ತಾಯಿ ಆಡಿದ ಮಾತು ಹಾಗೇ ಬಾಕಿ ಉಳಿಯುತ್ತದೆ. ಆದರೆ ಅಣ್ಣನನ್ನು ಕರೆದು ರಾಗಿ ತೆಗೆದುಕೊಳ್ಳಿ ಎಂದು ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಹೋದ ಶನಿವಾರ ಅವರ ಜಗಲಿಯ ಮೇಲೆ ಒಂದು ಮೂಟೆ ಬಂದು ಕೂತಿತ್ತಂತೆ, ಸಂಜೆಗೆ ಅದು ಅಜ್ಜಿಯ ಜಗಲಿಗೆ ವಾಪಸು ಹೋಗಿದೆ.

ಸದ್ಯಕ್ಕೆ ತಪ್ಪಲೆ ಸಭಾಂಗಣದ ಬೀರುವಿನಲ್ಲಿದೆ. ಹಬ್ಬದ ದಿನ ಹೊಸ ಚೀಟಿಯೊಂದಿಗೆ ಮೇಜಿನ ಮೇಲೆ ಇಡುತ್ತೇವೆ. ಇನ್ನೂ ವಸ್ತು ಕೊಡದ ಮನೆಯವರು ಮುಂದಿನ ಭಾನುವಾರದ ಪೂಜೆಯ ನಂತರ ನಮ್ಮನ್ನು ಕಾಣಬಹುದು. ಪಾತ್ರೆಯಾದರೆ ಕಂಠವನ್ನೂ ತಳವನ್ನೂ ಒಮ್ಮೆ ತಿರುಗಿಸಿ ನೋಡಿ ತನ್ನಿ, ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಕೂರಿಸಿಕೊಂಡೇ ಚೀಟಿ ಬರೆಯಿರಿ. ಕೊನೆಯದಾಗಿ ಒಂದು ವಿನಂತಿ: ಯಾರ ಮನೆಗೆ ಹೋಗಲಿ, ತಪ್ಪಲೆಗೆ ಕಲಾಯಿ ಹಾಕಿಸಲೇಬೇಕು. ಕಲಾಯಿ ಹಾಕುವವರು ಯಾರಾದರೂ ಈ ಕಡೆ ಇನ್ನೂ ಇದ್ದರೆ, ಗುರುತಿರುವವರು ದಯವಿಟ್ಟು ನಮಗೆ ತಿಳಿಸಿ.